ಏಮಿ ಕಾರ್ಮೈಕಲ್ ಅಮ್ಮನವರು: ಬೇನೆಯ ಹಾಸಿಗೆಯಲ್ಲಿ ಇಪ್ಪತ್ತು ವರುಷ

ಬೇನೆಗಳಲ್ಲಿ ಎರಡು ವಿಧಗಳುಂಟು. ಒಂದು ಕಣ್ಣಿಗೆ ಕಾಣುವಂಥದು. ಕಾಲು ಮುರಿದವನನ್ನು ಕಂಡರೆ ನೆರೆಯವರು ಹೊತ್ತುಕೊಳ್ಳಲು ಓಡಿಬರುತ್ತಾರೆ. ಹುಣ್ಣೆದ್ದವನನ್ನು ಕಂಡರೆ ಮದ್ದು ಹೇಳುತ್ತಾರೆ. ಜ್ವರ ಬಂದವಳ ಹಣೆಯನ್ನು ಮುಟ್ಟಿ ನೋಡಿ ಗಂಜಿ ಕಾಸಿ ಕೊಡುತ್ತಾರೆ. ಇನ್ನೊಂದು ಕಣ್ಣಿಗೆ ಕಾಣದಂಥದು. ಮೈಯೆಲ್ಲಾ ನೋಯುತ್ತದೆ, ಆದರೆ ಎಲ್ಲಿಯೂ ಬಾವಿಲ್ಲ. ರಾತ್ರಿಯೆಲ್ಲಾ ಮಲಗಿದ್ದರೂ ಬೆಳಗಾಗುವಾಗ ದಣಿವು ಆರಿರುವದಿಲ್ಲ. ಇಂದು ನೀರು ಹೊತ್ತವಳು ನಾಳೆ ಬರಿಯ ಕೊಡವನ್ನೂ ಎತ್ತಲಾರಳು. ಇಂಥವಳಿಗೆ ಗಂಜಿ ಕಾಸಿ ಕೊಡುವವರು ಕಡಿಮೆ. ಸೋಮಾರಿಯೆಂದು ಅತ್ತೆಯೂ, ನಟನೆಯೆಂದು ಗಂಡನೂ, ವಿಶ್ವಾಸ ಸಾಲದೆಂದು ಕೆಲವು ವೇಳೆ ಸಭೆಯವರೂ ಅನ್ನುವದುಂಟು. ಉಪದೇಶಿಗಳಾದ ನಾವು ಮನೆಮನೆಗೆ ಹೋಗುವಾಗ ಇಂಥ ಅಕ್ಕತಂಗಿಯರನ್ನು ಕಾಣದ ವಾರವಿಲ್ಲ.

ಆದಕಾರಣ ಈ ಸಾರಿ, ಎರಡು ವಿಧದ ಬೇನೆಯನ್ನೂ ಬಹುಕಾಲ ಅನುಭವಿಸಿದ ಒಬ್ಬ ಸ್ತ್ರೀಯ ಚರಿತ್ರೆಯನ್ನು ಬರೆಯುತ್ತೇವೆ. ಏಮಿ ಕಾರ್ಮೈಕಲ್ ಎಂಬ ಇವರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದಾರೆ. ತಿರುನೆಲ್ವೇಲಿ ಸೀಮೆಯಲ್ಲಿ ಮಕ್ಕಳನ್ನು ಕಾಪಾಡಿದವರೆಂದು ಇವರು ಪ್ರಸಿದ್ಧರು. ಆದರೆ ಅವರ ಜೀವಮಾನದ ಕಡೆಯ ಭಾಗವೆಲ್ಲಾ ಹಾಸಿಗೆಯ ಮೇಲೆ ಕಳೆಯಿತೆಂಬದೂ, ಅದಕ್ಕೆ ಮುಂಚೆಯೂ ಎಳೆಯ ಪ್ರಾಯದಿಂದ ನರಗಳ ನೋವು ಅವರನ್ನು ಬಿಡದೆ ಹಿಂಬಾಲಿಸಿತೆಂಬದೂ ಎಲ್ಲರಿಗೂ ತಿಳಿಯದು.

ಏಮಿ ಅಮ್ಮನವರು 1867ನೆಯ ಇಸವಿ ದಶಂಬರ 16ರಲ್ಲಿ ಐರ್ಲೆಂಡ್ ದೇಶದ ಉತ್ತರ ಭಾಗದಲ್ಲಿ, ಸಮುದ್ರತೀರದ ಮಿಲೈಲ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಏಳು ಮಂದಿ ಮಕ್ಕಳಲ್ಲಿ ಇವರೇ ಹಿರಿಯರು. ಮನೆಯವರು ಹಿಟ್ಟಿನ ಗಿರಣಿಯನ್ನು ನಡಿಸುತ್ತಿದ್ದರು; ದೇವಭಕ್ತಿಯುಳ್ಳ ಕುಟುಂಬ. ಬಾಲ್ಯದ ಒಂದು ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ತಾಯಿಯ ಕಣ್ಣುಗಳು ನೀಲಿ, ಇವರವು ಕಂದು. ತನಗೂ ನೀಲಿ ಕಣ್ಣು ಬೇಕೆಂದು ಮೂರು ವರುಷದ ಕೂಸು ರಾತ್ರಿ ಪ್ರಾರ್ಥಿಸಿ, ಬೆಳಗಾಗುತ್ತಲೇ ಕನ್ನಡಿಯ ಮುಂದೆ ಓಡಿ ನೋಡಿತು. ಕಣ್ಣುಗಳು ಕಂದಾಗಿಯೇ ಇದ್ದವು. ಇಲ್ಲವೆಂಬದೂ ಒಂದು ಉತ್ತರವೆಂದು ಆ ದಿನ ಕಲಿತದ್ದಾಯಿತು. ಮುಂದೆ ಭಾರತದಲ್ಲಿ ಸೀರೆಯುಟ್ಟು, ಚರ್ಮಕ್ಕೆ ಕಾಫಿಯ ಬಣ್ಣ ಹಚ್ಚಿಕೊಂಡು, ಪರದೇಶದವರಿಗೆ ಪ್ರವೇಶವಿಲ್ಲದ ಸ್ಥಳಗಳಿಗೆ ಹೋಗುವಾಗ ಆ ಕಂದು ಕಣ್ಣುಗಳೇ ಅನುಕೂಲವಾದವು. ಈ ಕಥೆಯನ್ನು ಮಕ್ಕಳಿಗೆ ಹೇಳುವದುಂಟು. ದೊಡ್ಡವರಿಗೂ ಇದು ಬೇಕಾದದ್ದೇ.

1885ರಲ್ಲಿ ತಂದೆಯು ತೀರಿಹೋದರು. ಬೆಲ್‌ಫಾಸ್ಟ್ ಪಟ್ಟಣದಲ್ಲಿ ನೂಲಿನ ಗಿರಣಿಗಳಿಗೆ ಹೋಗುವ ಬಡ ಹುಡುಗಿಯರನ್ನು ಏಮಿಯವರು ಸೇರಿಸಿ, ಅವರಿಗೆ ಪಾಠ ಹೇಳಿ, 1889ರಲ್ಲಿ ತಗಡಿನ ಒಂದು ದೊಡ್ಡ ಮಂದಿರವನ್ನು ಕಟ್ಟಿಸಿದರು. ಟೋಪಿ ಕೊಳ್ಳಲಾರದೆ ಶಾಲನ್ನು ತಲೆಯ ಮೇಲೆ ಹೊದ್ದುಕೊಂಡು ಬರುತ್ತಿದ್ದ ಆ ಹುಡುಗಿಯರು ಒಳ್ಳೆಯ ಬಟ್ಟೆಯ ಸಭೆಯವರಿಗೆ ಹಿಡಿಸುತ್ತಿರಲಿಲ್ಲ; ಆದ್ದರಿಂದಲೇ ಬೇರೆ ಮಂದಿರ ಬೇಕಾಯಿತು.

ಆ ಕಾಲದಿಂದಲೇ ನರಗಳ ನೋವು ಅವರನ್ನು ಹಿಡಿಯಿತು. ನೋವು ಎದ್ದಾಗ ದಿನಗಟ್ಟಲೆ, ಕೆಲವು ವೇಳೆ ವಾರಗಟ್ಟಲೆ ಮಲಗಿರಬೇಕಾಗುತ್ತಿತ್ತು. ಅದು ಇಳಿದಾಗ ನೋಡಿದವರು ಇವರಿಗೇನೂ ಇಲ್ಲವೆಂದು ತಿಳಿಯುವಷ್ಟು ಚಟುವಟಿಕೆ. ಬರುತ್ತಾ ಹೋಗುತ್ತಾ ಇರುವ ಬೇನೆಗೆ ಇದೊಂದು ದುರವಸ್ಥೆ: ಒಳ್ಳೆಯ ದಿನದಲ್ಲಿ ಕಂಡವರು ಕೆಟ್ಟ ದಿನವನ್ನು ನಂಬುವದಿಲ್ಲ.

ಚೀನಾ ದೇಶಕ್ಕೆ ಹೋಗಬೇಕೆಂದು ಅವರು ಬೇಡಿಕೊಂಡರು. ವೈದ್ಯರು ಪರೀಕ್ಷಿಸಿ, ಈ ಶರೀರಕ್ಕೆ ಅದು ತಕ್ಕದ್ದಲ್ಲವೆಂದು ತಡೆದರು. 1893ರಲ್ಲಿ ಜಪಾನಿಗೆ ಹೋದರು. ಹದಿನೈದು ತಿಂಗಳು ಅಲ್ಲಿದ್ದು, ತಲೆಯ ನೋವಿನಿಂದಲೂ ನಿಶ್ಶಕ್ತಿಯಿಂದಲೂ ಬಳಲಿ, 1894ರಲ್ಲಿ ಆ ಕೆಲಸವನ್ನು ಬಿಡಬೇಕಾಯಿತು. ಸಿಂಹಳದಲ್ಲಿ ಕೆಲವು ಕಾಲವಿದ್ದು ಆ ವರುಷದ ಕೊನೆಗೆ ಇಂಗ್ಲೆಂಡಿಗೆ ಮರಳಿದರು. ಹೀಗೆ ಇಪ್ಪತ್ತೇಳು ವರುಷದೊಳಗೆ ಒಂದು ಬಾಗಿಲನ್ನು ವೈದ್ಯರೂ ಇನ್ನೊಂದನ್ನು ಸ್ವಂತ ದೇಹವೂ ಮುಚ್ಚಿದವು. ಇನ್ನು ಮನೆಯಲ್ಲಿಯೇ ಇರುವಳೆಂದು ಬಂಧುಗಳು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಆಗ ನಮ್ಮ ಬೆಂಗಳೂರಿನ ಹೆಸರು ಅವರ ಚರಿತ್ರೆಯಲ್ಲಿ ಬರುತ್ತದೆ. ಇಲ್ಲಿ ಸೇವೆಯಲ್ಲಿದ್ದ ಗೆಳತಿಯೊಬ್ಬರು ಪತ್ರ ಬರೆದು, ಬೆಂಗಳೂರಿನ ಹವೆಯು ತಂಪಾದದ್ದು, ಬೇನೆಯವರಿಗೆ ಹಿತವಾದದ್ದು ಎಂದು ತಿಳಿಸಿದರು. ಸ್ತ್ರೀಯರ ಮಧ್ಯೆ ಕೆಲಸ ಮಾಡುತ್ತಿದ್ದ ಚರ್ಚ್ ಆಫ್ ಇಂಗ್ಲೆಂಡ್ ಜನಾನಾ ಮಿಶನ್ನಿನವರು ಇವರನ್ನು ಅಂಗೀಕರಿಸಿದರು; 1895ರ ನವಂಬರಿನಲ್ಲಿ ಮದ್ರಾಸಿನ ಮಾರ್ಗವಾಗಿ ಬೆಂಗಳೂರಿಗೆ ಬಂದಿಳಿದರು. ಹಿತವಾದ ಹವೆಯು ಮೊದಲು ಕೊಟ್ಟದ್ದು ಡೆಂಗ್ಯೂ ಜ್ವರ. ಎಲುಬು ಮುರಿಯುವ ಜ್ವರವೆಂದು ಇದಕ್ಕೆ ಹೆಸರುಂಟು. ಬಂದವರಿಗೆ ಆ ಹೆಸರಿನ ಅರ್ಥ ತಿಳಿಯುತ್ತದೆ. ಬಂದ ಹೊಸದರಲ್ಲಿಯೇ ಹೀಗೆ ನೆಲಕಚ್ಚಿದರೂ ಅವರು ಎದ್ದು ತಮಿಳು ಕಲಿಯತೊಡಗಿದರು. ಎದ್ದ ಮೇಲೆ ಬೆಂಗಳೂರಿನ ರಸ್ತೆಗಳಲ್ಲಿ ಕುದುರೆಯ ಮೇಲೆ ವೇಗವಾಗಿ ಹೋಗುವದೂ ಉಂಟಾಗಿತ್ತು. ಮುಂದೆ ಒಂದು ಕೊಠಡಿಯ ಗೋಡೆಗಳೊಳಗೆ ಇರಬೇಕಾದ ಈ ಸ್ತ್ರೀಯನ್ನು ನಾವು ನೆನಸುವಾಗ, ಹೀಗೆ ಕುದುರೆಯ ಮೇಲೆ ಓಡಿದವರನ್ನೂ ಮರೆಯಬಾರದು. ಹಾಸಿಗೆ ಹಿಡಿದವರೆಲ್ಲರೂ ಹಾಸಿಗೆಯಲ್ಲಿಯೇ ಹುಟ್ಟಿದವರಲ್ಲ. ಅವರು ಕಳಕೊಂಡದ್ದು ಎಷ್ಟೆಂದು ಅವರಿಗೇ ಗೊತ್ತು.

ಬೆಂಗಳೂರಿನಲ್ಲಿ ಸುಮಾರು ಒಂದು ವರುಷ ಮಾತ್ರ ಇದ್ದರು. ಬೆಟ್ಟದ ಸೀಮೆಯಲ್ಲಿ ತಾಮಸ್ ವಾಕರ್ ಐಯನವರ ಪರಿಚಯವಾಗಿ, ಅವರ ಕುಟುಂಬದೊಡನೆ 1896ರ ಕೊನೆಗೆ ತಿರುನೆಲ್ವೇಲಿಗೆ ಹೋದರು. ತರುವಾಯ ಪಶ್ಚಿಮ ಘಟ್ಟಗಳ ಬುಡದಲ್ಲಿರುವ ದೋಹ್ನಾವೂರು ಅವರ ಊರಾಯಿತು. ಅಲ್ಲಿಯ ದೇವಾಲಯವನ್ನು ಕಟ್ಟುವದಕ್ಕೆ ಹಣ ಕೊಟ್ಟ ಜರ್ಮನಿಯ ದೋಹ್ನಾ ಎಂಬ ಪ್ರಭುವಿನ ಹೆಸರೇ ಈ ಊರಿಗೆ ಬಂದದ್ದು. 1895ರಲ್ಲಿ ಸ್ವದೇಶವನ್ನು ಬಿಟ್ಟವರು ಮರಣದ ತನಕ, ಅಂದರೆ ಐವತ್ತೈದು ವರುಷ, ಒಂದು ಸಾರಿಯಾದರೂ ರಜಾ ಪಡೆದು ಹಿಂತಿರುಗಲಿಲ್ಲ.

1901ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಪ್ರೀನಾ ಎಂಬ ಏಳು ವರುಷದ ಹುಡುಗಿಯು ಗುಡಿಯ ಸೇವೆಗೆ ಒಪ್ಪಿಸಲ್ಪಟ್ಟ ಮನೆಯಿಂದ ತಪ್ಪಿಸಿಕೊಂಡು ಇವರ ಬಳಿಗೆ ಬಂದಳು. ಹೆಣ್ಣು ಮಕ್ಕಳನ್ನು ದೇವರಿಗೆ ಮದುವೆ ಮಾಡಿಕೊಟ್ಟು ಮುಂದೆ ದುರ್ವೃತ್ತಿಗೆ ಗುರಿಮಾಡುತ್ತಿದ್ದ ಪದ್ಧತಿಯನ್ನು ಆಕೆಯ ಬಾಯಿಂದ ಕೇಳಿದ ಮೇಲೆ ಏಮಿ ಅಮ್ಮನವರಿಗೆ ಬೇರೆ ಕೆಲಸ ಬೇಕಾಗಲಿಲ್ಲ. ಒಂದೊಂದಾಗಿ ಕೂಸುಗಳು ಬಂದವು. 1913ರೊಳಗೆ ನೂರಮೂವತ್ತು ಹುಡುಗಿಯರಾದರು. 1918ರಿಂದ ಗಂಡು ಮಕ್ಕಳನ್ನೂ ಸೇರಿಸಿಕೊಂಡರು. ಮಕ್ಕಳೆಲ್ಲರೂ ಇವರನ್ನು ಅಮ್ಮ ಎಂದೇ ಕರೆದರು. ಉಗುರು ಕತ್ತರಿಸುವದೂ, ತಲೆ ಬಾಚುವದೂ, ರಾತ್ರಿ ಅಳುವ ಕೂಸನ್ನು ಎತ್ತಿಕೊಂಡು ತಿರುಗುವದೂ ಸುವಾರ್ತೆಯ ಕೆಲಸವೇ ಎಂದು ಇವರು ಎಣಿಸಿದರು. ಸರಕಾರದವರು 1919ರಲ್ಲಿ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟರು.

ಈ ಕೆಲಸದಲ್ಲಿ ಪೊನ್ನಮ್ಮಾಳ್ ಎಂಬ ತಮಿಳು ವಿಧವೆಯು ಅಮ್ಮನವರಿಗೆ ಬಲಗೈಯಾಗಿದ್ದರು. ಅವರಿಗೆ ಅರ್ಬುದ ರೋಗ ಬಂದಾಗ ಗುಣವಾಗಲೆಂದು ದೋಹ್ನಾವೂರಿನ ಮನೆಯೆಲ್ಲವೂ ಪ್ರಾರ್ಥಿಸಿತು. ಆದರೂ 1915ರಲ್ಲಿ ಅವರು ತೀರಿಹೋದರು. ಪೊನ್ನಮ್ಮಾಳರ ವಿಶ್ವಾಸ ಕಡಿಮೆಯೆಂದಾಗಲಿ, ಪ್ರಾರ್ಥಿಸಿದವರ ವಿಶ್ವಾಸ ಕಡಿಮೆಯೆಂದಾಗಲಿ ಏಮಿ ಅಮ್ಮನವರು ಎಣಿಸಲಿಲ್ಲ. ಗುಣವಾದವರಿಗೆ ವಿಶ್ವಾಸವಿತ್ತು, ಗುಣವಾಗದವರಿಗೆ ಇರಲಿಲ್ಲ ಎಂಬ ಲೆಕ್ಕವು ಅವರ ಪುಸ್ತಕದಲ್ಲಿ ಇರಲಿಲ್ಲ. ಈ ಪಾಠವು ಹದಿನಾರು ವರುಷದ ಮೇಲೆ ಅವರಿಗೇ ಬೇಕಾಯಿತು.

1931ನೆಯ ಇಸವಿ ಸಪ್ಟಂಬರ 24. ಸಮೀಪದ ಕಳಕ್ಕಾಡು ಎಂಬ ಊರಿನಲ್ಲಿ ಬಡವರಿಗಾಗಿ ಔಷಧಶಾಲೆಯನ್ನು ತೆರೆಯಬೇಕೆಂದು ಒಂದು ಮನೆಯನ್ನು ಗೊತ್ತುಮಾಡಿದ್ದರು. ಅದು ಸಿದ್ಧವಾಯಿತೋ ಎಂದು ನೋಡಲು ಅಮ್ಮನವರು ಸಂಜೆಯ ಮಬ್ಬಿನಲ್ಲಿ ಹೋದರು. ಪಾಯಿಖಾನೆಗೆಂದು ಕೂಲಿಯವರು ತೋಡಿದ ಗುಂಡಿಯು ಇರಬಾರದ ಸ್ಥಳದಲ್ಲಿತ್ತು. ಕತ್ತಲೆಯಲ್ಲಿ ಕಾಣದೆ ಅದರೊಳಗೆ ಬಿದ್ದರು. ಕಾಲಿನ ಎಲುಬು ಮುರಿಯಿತು, ಹರಡು ಸರಿಯಿತು, ಬೆನ್ನಿಗೂ ಪೆಟ್ಟಾಯಿತು. ಕೆಟ್ಟ ದಾರಿಯಲ್ಲಿ ವಾಹನದ ಮೇಲೆ ಮಲಗಿಸಿ ನೆಯ್ಯೂರಿನ ಮಿಶನ್ ಆಸ್ಪತ್ರೆಗೆ ಸಾಗಿಸಿದರು. ಆಗ ಅವರಿಗೆ ಅರುವತ್ತಮೂರು ವರುಷ.

ಕೆಲವು ವಾರಗಳಲ್ಲಿ ಎದ್ದು ನಡೆಯುವೆನೆಂದು ಅವರೂ ಉಳಿದವರೂ ಎಣಿಸಿದ್ದರು. ಎಲುಬು ಕೂಡಿಕೊಂಡಿತು; ನೋವು ಮಾತ್ರ ಹೋಗಲಿಲ್ಲ. ಒಂದರ ಹಿಂದೆ ಒಂದಾಗಿ ಬೇರೆ ಬೇನೆಗಳು ಬಂದು ಸೇರಿದವು: ಸಂಧಿವಾತ, ಹಳೆಯ ನರಗಳ ನೋವು, ಮೂತ್ರಕೋಶದ ಉರಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ನಿದ್ರೆಯಿಲ್ಲದ ರಾತ್ರಿಗಳು. ಬಿದ್ದ ಪೆಟ್ಟು ಇದು, ವಯಸ್ಸಿನ ಬೇನೆ ಅದು ಎಂದು ಬೇರೆಬೇರೆ ಮಾಡಿ ಹೇಳಲಾಗದ ಹಾಗೆ ನೋವುಗಳು ಹೆಣೆದುಕೊಂಡವು. ಮನೆಯ ಒಂದು ಕೊಠಡಿಯೂ ಅದರ ಮುಂದಿನ ವರಾಂಡವೂ ಅವರ ಲೋಕವಾಯಿತು. 1951ರ ತನಕ ಹತ್ತೊಂಭತ್ತು ವರುಷಕ್ಕೆ ಮೀರಿ ಹೀಗೆಯೇ ನಡೆಯಿತು.

ಈ ಕಾಲದಲ್ಲಿ ಅವರು ಏನು ಮಾಡಿದರೆಂಬದೇ ಈ ಚರಿತ್ರೆಯ ಮುಖ್ಯ ಭಾಗ. ಮೂರು ಸಂಗತಿಗಳನ್ನು ನಾವು ವಿವರಿಸುವೆವು.

ಮೊದಲನೆಯದಾಗಿ, ಅವರು ನೋವನ್ನು ನೋವೆಂದೇ ಹೇಳಿದರು. ಹಾಸಿಗೆ ಹಿಡಿದ ಅಮ್ಮನವರಿಗೆ ಸ್ನೇಹಿತರು ದೂರದೂರದಿಂದ ಸಮಾಧಾನದ ಚಿಕ್ಕ ಪುಸ್ತಕಗಳನ್ನು ಕಳುಹಿಸಿದರು. ಅವುಗಳನ್ನು ಓದಿದಾಗ ಅವರಿಗೆ ಒಂದು ವಿಷಯ ತೋರಿತು: ಇವು ಆರೋಗ್ಯವಂತರು ರೋಗಿಗಳಿಗೆ ಬರೆದವುಗಳು; ಬೇನೆಯ ಒಳಗಿನಿಂದ ಬಂದವುಗಳಲ್ಲ. ಆದ್ದರಿಂದ ರೋಗಿಯೇ ರೋಗಿಗಳಿಗೆ ಬರೆಯಬೇಕೆಂದು ಅವರು ನಿಶ್ಚಯಿಸಿದರು. ದೋಹ್ನಾವೂರಿನ ಸ್ನೇಹಿತರಲ್ಲಿ ಹಾಸಿಗೆ ಹಿಡಿದವರ ಒಂದು ಸಂಘವಿತ್ತು. ಅವರಿಗೆ ಬರೆದ ಪತ್ರಗಳೇ ಕೂಡಿ 1933ರಲ್ಲಿ ರೋಸ್ ಫ್ರಮ್ ಬ್ರಾಯರ್, ಅಂದರೆ ಮುಳ್ಳುಗಿಡದ ಗುಲಾಬಿ ಎಂಬ ಪುಸ್ತಕವಾಯಿತು. ಮಲಗಿರುವವರಿಗೆ ಪ್ರಾರ್ಥಿಸಲು ಬೇಕಾದಷ್ಟು ಸಮಯವುಂಟೆಂದು ಆರೋಗ್ಯವಂತರು ಹೇಳುತ್ತಾರಲ್ಲವೇ? ಬೇನೆಯು ಪ್ರಾರ್ಥನೆಯನ್ನು ಸುಲಭಮಾಡುವದೆಂದು ತನಗೆ ತೋರಲಿಲ್ಲವೆಂದೂ, ತನ್ನ ಮನೆಯ ಬೇರೆ ರೋಗಿಗಳಿಗೂ ತೋರಲಿಲ್ಲವೆಂದೂ ಅವರು ನೇರವಾಗಿ ಬರೆದರು. ಇಂಥ ಮಾತನ್ನು ಒಬ್ಬ ಮಿಶನೆರಿಯಮ್ಮನವರು ಹೇಳಿದ್ದು ಎಷ್ಟೋ ರೋಗಿಗಳ ಎದೆಯ ಮೇಲಿದ್ದ ಕಲ್ಲನ್ನು ಇಳಿಸಿತು. ಪ್ರಾರ್ಥಿಸಲಾರದೆ ಹೋದ ರಾತ್ರಿಯು ತಾನು ದೇವರನ್ನು ಬಿಟ್ಟ ರಾತ್ರಿಯಲ್ಲವೆಂದು ಅವರಿಗೆ ತಿಳಿಯಿತು.

ಎರಡನೆಯದಾಗಿ, ಅವರು ಕೆಲಸವನ್ನು ಬಿಡಲಿಲ್ಲ, ಆದರೆ ಅಳತೆಯನ್ನು ಬದಲಾಯಿಸಿದರು. ಮುಂಚೆ ಹಳ್ಳಿಹಳ್ಳಿಗೆ ನಡೆದವರು ಈಗ ಒಂದು ಚೀಟಿಯನ್ನು ಬರೆದರು. ಮನೆಯಲ್ಲಿ ಯಾರಿಗೆ ದುಃಖವಿದೆ, ಯಾವ ಮಗುವಿನ ಹುಟ್ಟಿದ ದಿನ, ಯಾರು ಪ್ರಯಾಣ ಹೊರಟರು ಎಂದು ವಿಚಾರಿಸಿ, ಹಾಸಿಗೆಯಿಂದಲೇ ಅವರವರಿಗೆ ಕೆಲವು ಸಾಲುಗಳನ್ನು ಕಳುಹಿಸುವರು. ಕೈ ನೋಯದಾಗ ಸ್ವಂತ ಬರೆದರು. ನೋಯುವಾಗ ಹೇಳಿ ಬರೆಯಿಸಿದರು. ಎರಡೂ ಆಗದಾಗ ಸುಮ್ಮನೆ ಮಲಗಿದರು. ಹೀಗೆ ಹನಿಹನಿಯಾಗಿ ಮಾಡಿದ ಕೆಲಸದಿಂದ ಈ ವರುಷಗಳಲ್ಲಿಯೇ ಸುಮಾರು ಹದಿಮೂರು ಪುಸ್ತಕಗಳು ಹೊರಬಂದವು. ಅವರ ಪುಸ್ತಕಗಳೆಲ್ಲಾ ಸೇರಿ ಮೂವತ್ತೈದರಷ್ಟಾಗುತ್ತವೆ. ಅಂದರೆ ಮೂರರಲ್ಲೊಂದು ಪಾಲು ಹಾಸಿಗೆಯಲ್ಲಿ ಹುಟ್ಟಿದವು. ಒಂದೇ ದಿನ ಗುಡ್ಡವನ್ನು ಹತ್ತಲು ಹೋಗಿ ಮೂರು ದಿನ ಬಿದ್ದಿರುವದಕ್ಕಿಂತ, ದಿನಕ್ಕೆ ನಾಲ್ಕು ಹೆಜ್ಜೆ ಇಡುವದು ಬೇನೆಯವರಿಗೆ ಹೆಚ್ಚು ದೂರ ಒಯ್ಯುತ್ತದೆ. ಇಂದಿನ ವೈದ್ಯರೂ ಇದನ್ನೇ ಬೋಧಿಸುತ್ತಾರೆ.

ಮೂರನೆಯದಾಗಿ, ಅವರು ಇತರರ ಕೈಯಿಂದ ಸೇವೆ ಮಾಡಿಸಿಕೊಳ್ಳಲು ಕಲಿತರು. ಐನೂರು ಕಾಲುಗಳಿಗೆ ತೊಳೆದವರಿಗೆ ತನ್ನ ಕಾಲನ್ನು ಇನ್ನೊಬ್ಬರು ತೊಳೆಯುವದು ಸುಲಭವಲ್ಲ. ತಾನು ಎತ್ತಿ ಸಾಕಿದ ಮಕ್ಕಳೇ ಈಗ ತನ್ನನ್ನು ಎತ್ತಿ ಮಲಗಿಸಿದರು. ದಾದಿಯರು ಹಗಲಿರುಳು ನೋಡಿಕೊಂಡರು. ಹಲವು ಜವಾಬ್ದಾರಿಗಳು ಇತರರಿಗೆ ಹೋದವು. ಕೊಡುವ ಕೈ ಮೇಲು, ಪಡೆಯುವ ಕೈ ಕೀಳು ಎಂದು ಎಣಿಸುವ ನಮಗೆ ಇದು ಕಠಿಣವಾದ ಪಾಠ. ನಮ್ಮ ಹಳ್ಳಿಗಳಲ್ಲಿ ತಾಯಂದಿರು ಸೊಸೆಯ ಕೈಯಿಂದ ಒಂದು ಲೋಟ ನೀರು ಕೇಳುವದಕ್ಕೂ ನಾಚಿ, ನೋಯುವ ಮೊಣಕಾಲಿನಲ್ಲಿಯೇ ಎದ್ದು ಹೋಗುತ್ತಾರೆ. ಕೇಳುವದರಲ್ಲಿ ಅವಮಾನವಿಲ್ಲ.

ಹಾಸಿಗೆಯಲ್ಲಿದ್ದಾಗಲೇ ಅಮ್ಮನವರು ತಮ್ಮ ಆಯುಷ್ಯದ ಪ್ರಯಾಸಕ್ಕೆ ಒಂದು ಫಲವನ್ನು ಕಂಡರು. 1947ರಲ್ಲಿ ಮದ್ರಾಸ್ ಪ್ರಾಂತ್ಯದ ಶಾಸನಸಭೆಯವರು ಹುಡುಗಿಯರನ್ನು ಗುಡಿಗಳಿಗೆ ಒಪ್ಪಿಸುವ ಪದ್ಧತಿಯನ್ನು ಕಾಯಿದೆಯಿಂದ ನಿಷೇಧಿಸಿದರು. ಆ ಕಾಯಿದೆಗಾಗಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರಂಥ ಈ ದೇಶದ ಸ್ತ್ರೀಯರು ಬಹುಕಾಲ ಹೋರಾಡಿದ್ದರು.

1948ರಲ್ಲಿ ಕೊಠಡಿಯೊಳಗೆಯೇ ಇನ್ನೊಂದು ಸಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಅಂದಿನಿಂದ ಹಾಸಿಗೆಯಿಂದ ಏಳಲೇ ಇಲ್ಲ. 1951ನೆಯ ಇಸವಿ ಜನವರಿ 18ರಲ್ಲಿ, ಎಂಭತ್ತಮೂರನೆಯ ವಯಸ್ಸಿನಲ್ಲಿ, ನಿದ್ರೆಯಲ್ಲಿಯೇ ಶಾಂತವಾಗಿ ತೀರಿಹೋದರು. ತನ್ನ ಸಮಾಧಿಗೆ ಕಲ್ಲು ನೆಡಬಾರದೆಂದು ಅವರು ಮೊದಲೇ ಹೇಳಿದ್ದರು. ಮಕ್ಕಳು ಆ ಸ್ಥಳದಲ್ಲಿ ಹಕ್ಕಿಗಳು ನೀರು ಕುಡಿಯುವ ಕಲ್ಲಿನ ಬಟ್ಟಲನ್ನು ಇಟ್ಟು, ಅಮ್ಮನೆಂಬ ಅರ್ಥದ ಒಂದೇ ತಮಿಳು ಶಬ್ದವನ್ನು ಅದರ ಮೇಲೆ ಕೆತ್ತಿಸಿದರು.

ಇದು ಅವರ ಚರಿತ್ರೆ. ಇನ್ನು ಅದರಿಂದ ನಮಗೆ ಬರುವ ಮಾತನ್ನು ಕೇಳಿರಿ.

ಏಮಿ ಅಮ್ಮನವರ ಕಾಲದಲ್ಲಿ ನರಗಳ ನೋವೆಂದು ಕರೆದ ಅನೇಕ ಬೇನೆಗಳಿಗೆ ಈಗ ಬೇರೆಬೇರೆ ಹೆಸರುಗಳು ಬಂದಿವೆ. ಅವರ ಬೇನೆಗೆ ಇಂದು ಯಾವ ಹೆಸರು ಸಲ್ಲುತ್ತಿತ್ತೆಂದು ನಾವು ತೀರ್ಪು ಮಾಡುವದಿಲ್ಲ. ಆದರೆ ನಮ್ಮ ಮನೆಗಳಲ್ಲಿರುವ ಒಂದು ಬೇನೆಯ ಹೆಸರನ್ನು ಹೇಳುತ್ತೇವೆ, ಅದು ಫೈಬ್ರೊಮಯಾಲ್ಜಿಯ. ಮೂರು ತಿಂಗಳಿಗೂ ಹೆಚ್ಚು ಕಾಲ ಮೈಯ ಹಲವು ಭಾಗಗಳಲ್ಲಿ ನೋವು, ಆರದ ದಣಿವು, ತೃಪ್ತಿಯಿಲ್ಲದ ನಿದ್ರೆ, ಮರೆವು, ಮನಸ್ಸಿಗೆ ಮಂಕು: ಇವು ಅದರ ಗುರುತುಗಳು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚಾಗಿ ಗೊತ್ತಾಗುತ್ತದೆ. ರಕ್ತವನ್ನು ಪರೀಕ್ಷಿಸಿದರೂ ಎಕ್ಸ್‌ರೇ ತೆಗೆದರೂ ಇದು ಕಾಣಿಸುವದಿಲ್ಲ. ಹಾಗಾದರೆ ಇದು ಸುಳ್ಳೋ? ಅಲ್ಲ. ಧ್ವನಿವರ್ಧಕದ ತಿರುಪನ್ನು ಅತಿಯಾಗಿ ತಿರುಗಿಸಿದರೆ ಪಿಸುಮಾತು ಸಹ ಕೂಗಾಗಿ ಕೇಳಿಸುವದಷ್ಟೆ. ಅದರಂತೆ ಈ ಬೇನೆಯಲ್ಲಿ ನರಗಳೂ ಮೆದುಳೂ ನೋವಿನ ಸುದ್ದಿಯನ್ನು ದೊಡ್ಡದು ಮಾಡಿ ಕೊಡುತ್ತವೆಂದು ವೈದ್ಯರು ಕಂಡಿದ್ದಾರೆ. ಧ್ವನಿಯು ಹೆಚ್ಚಾದದ್ದು ನಿಜ. ಆದುದರಿಂದ ನೋವೂ ನಿಜ.

ಸಂಧಿವಾತವು ಇದಕ್ಕಿಂತ ಬೇರೆ. ಅದರಲ್ಲಿ ಕೀಲುಗಳು ಊದುತ್ತವೆ, ಬೆಳಗ್ಗೆ ಬಹಳ ಹೊತ್ತು ಸೆಡೆತುಕೊಂಡಿರುತ್ತವೆ. ಕೆಲವು ಜಾತಿಯ ಸಂಧಿವಾತವು ಚಿಕಿತ್ಸೆಯಿಲ್ಲದಿದ್ದರೆ ಕೀಲನ್ನು ಕೆಡಿಸಿಬಿಡುತ್ತದೆ. ಫೈಬ್ರೊಮಯಾಲ್ಜಿಯವು ಕೀಲನ್ನು ಕೆಡಿಸುವದಿಲ್ಲ. ಆದರೆ ಎರಡೂ ಒಬ್ಬರಲ್ಲಿಯೇ ಇರಬಹುದು. ಅವುಗಳ ಸಂಗಡ ಸಿಹಿಮೂತ್ರ, ಥೈರಾಯ್ಡ್, ಮನೋವ್ಯಥೆ ಇವುಗಳೂ ಸೇರಿರಬಹುದು. ಒಂದಕ್ಕೆ ಮದ್ದು ಕೊಟ್ಟು ಇನ್ನೊಂದನ್ನು ಮರೆತರೆ ಬೇನೆಯವಳು ಗುಣಕಾಣದೆ, ವೈದ್ಯರ ಮೇಲೆಯೂ ತನ್ನ ಮೇಲೆಯೂ ನಂಬಿಕೆಯನ್ನು ಕಳಕೊಳ್ಳುವಳು. ಆದಕಾರಣ ಇರುವ ನೋವುಗಳನ್ನೆಲ್ಲಾ, ಚಿಕ್ಕದು ದೊಡ್ಡದು ಎನ್ನದೆ, ಒಬ್ಬ ವೈದ್ಯರಿಗೆ ಪೂರ್ಣವಾಗಿ ಹೇಳಬೇಕು. ಕೀಲು ಊದಿದ್ದರೆ ತಡಮಾಡಬಾರದು.

ಬೆಂಗಳೂರಿನ ಪಶ್ಚಿಮದಲ್ಲಿರುವ ನಮ್ಮ ಸಭೆಗಳವರಿಗೆ ಇದು ದೂರದ ಮಾತಲ್ಲ. ಕೆಂಗೇರಿಯ ಆಚೆಯ ಹಳ್ಳಿಗಳಿಂದ ಹುಡುಗಿಯರೂ ತಾಯಂದಿರೂ ಬೆಳಗಾಗುವ ಮುಂಚೆ ಬುತ್ತಿ ಕಟ್ಟಿಕೊಂಡು ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗಿ, ದಿನವೆಲ್ಲಾ ಹೊಲಿಗೆಯ ಯಂತ್ರದ ಮುಂದೆ ಕತ್ತು ಬಗ್ಗಿಸಿ ಕೂತಿರುತ್ತಾರೆ. ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುವವರ ಮಣಿಕಟ್ಟುಗಳೂ ಹೆಗಲುಗಳೂ ನೋಯುತ್ತವೆ. ವಿಜಯನಗರದಲ್ಲಿಯೂ ಬಸವೇಶ್ವರನಗರದಲ್ಲಿಯೂ ಮೂರು ನಾಲ್ಕು ಮನೆಗಳ ಪಾತ್ರೆ ತಿಕ್ಕಿ ಬರುವವರು ಸಂಜೆ ಮೆಟ್ಟಲು ಹತ್ತಲಾರರು. ಕಾರ್ಖಾನೆಯಲ್ಲಿ ವಿಮೆಯ ಚೀಟಿಯುಳ್ಳವರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯುಂಟು, ಆ ಚೀಟಿ ನಿಮ್ಮ ಹಕ್ಕು, ಯಾರ ಧರ್ಮವೂ ಅಲ್ಲ. ಅದನ್ನು ಪೆಟ್ಟಿಗೆಯಲ್ಲಿಟ್ಟು, ಹೆಸರು ತಿಳಿಯದ ಪುಡಿಯನ್ನೂ ಗುಳಿಗೆಯನ್ನೂ ನುಂಗಬೇಡಿರಿ. ತಕ್ಷಣ ನೋವು ಇಳಿಸುವ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಅವು ಕೆಲವು ದಿನ ಹಿತವಾಗಿದ್ದು ಕಡೆಗೆ ಎಲುಬನ್ನು ಸವೆಸುತ್ತವೆ, ಸಿಹಿಮೂತ್ರವನ್ನು ಹೆಚ್ಚಿಸುತ್ತವೆ.

ಫೈಬ್ರೊಮಯಾಲ್ಜಿಯವನ್ನು ಒಂದೇ ಏಟಿಗೆ ತೆಗೆದುಹಾಕುವ ಮದ್ದು ಇನ್ನೂ ಇಲ್ಲ. ಇದನ್ನು ಮರೆಮಾಡಿ ಹೇಳುವದು ಒಳ್ಳೆಯದಲ್ಲ. ಆದರೂ ನೋವನ್ನು ತಗ್ಗಿಸುವ ಮಾರ್ಗಗಳುಂಟು: ಪ್ರತಿದಿನ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವ ನಡಿಗೆ, ಗೊತ್ತಾದ ಹೊತ್ತಿನಲ್ಲಿ ಮಲಗಿ ಗೊತ್ತಾದ ಹೊತ್ತಿನಲ್ಲಿ ಏಳುವದು, ಕೆಲಸದ ನಡುವೆ ವಿಶ್ರಾಂತಿ, ವೈದ್ಯರು ಕೊಡುವ ಕೆಲವು ಔಷಧಗಳು, ಮನಸ್ಸಿನ ಭಾರವನ್ನು ಒಬ್ಬರೊಡನೆ ಹೇಳಿಕೊಳ್ಳುವದು. ಇವುಗಳಿಂದ ಅನೇಕರ ಬಾಳು ಹಗುರವಾಗಿದೆ.

ಇನ್ನು ಸಭೆಯವರಿಗೆ ಒಂದು ಮಾತು. ರೋಗಿಗಳಿಗಾಗಿ ಪ್ರಾರ್ಥಿಸಿರಿ, ಅದು ನಮ್ಮ ಕರ್ತವ್ಯ. ಆದರೆ ಗುಣವಾಗದವಳನ್ನು ಮುಂದಕ್ಕೆ ಕರೆದು ಅವಳ ವಿಶ್ವಾಸವನ್ನು ತೂಗಬೇಡಿರಿ. ಅಪೊಸ್ತಲನಾದ ಪೌಲನು ಶರೀರದ ಮುಳ್ಳು ಹೋಗಲೆಂದು ಮೂರು ಸಾರಿ ಬೇಡಿದರೂ ಅದು ಉಳಿಯಿತೆಂಬದನ್ನು ನೀವು ಓದಿದ್ದೀರಿ. ಯೋಬನ ಸ್ನೇಹಿತರು ಏಳು ದಿನ ಬಾಯಿ ಮುಚ್ಚಿ ಅವನ ಹತ್ತಿರ ಕೂತಿದ್ದಾಗ ಒಳ್ಳೆಯ ಸ್ನೇಹಿತರಾಗಿದ್ದರು. ಬಾಯಿ ತೆರೆದು ಅವನ ಪಾಪವನ್ನು ಹುಡುಕತೊಡಗಿದಾಗಲೇ ಅವನಿಗೆ ಭಾರವಾದರು. ಐವತ್ತೈದು ವರುಷ ಸೇವೆಯಲ್ಲಿದ್ದ ಏಮಿ ಅಮ್ಮನವರ ನೋವು ಕಡೆಯ ತನಕ ಹೋಗಲಿಲ್ಲ. ಅವರ ವಿಶ್ವಾಸವನ್ನು ಕಡಿಮೆಯೆನ್ನಲು ನಮ್ಮಲ್ಲಿ ಯಾರು ಧೈರ್ಯಮಾಡುವರು? ಹಾಗಿದ್ದರೆ ನಮ್ಮ ಬೀದಿಯ ಅಕ್ಕನ ವಿಷಯದಲ್ಲಿ ಆ ಮಾತನ್ನು ಯಾಕೆ ಅನ್ನಬೇಕು?

ಗಂಡಂದಿರೇ, ಹೆಂಡತಿಯು ನೋವೆಂದರೆ ಮೊದಲು ನಂಬಿರಿ. ಪರೀಕ್ಷೆಯು ವೈದ್ಯರ ಕೆಲಸ. ಅತ್ತೆಯವರೇ, ನಿನ್ನೆ ರಾಗಿ ಬೀಸಿದವಳು ಇಂದು ಮಲಗಿದರೆ, ನಿನ್ನೆಯ ಕೆಲಸವನ್ನು ಇಂದಿನ ಬೇನೆಗೆ ವಿರೋಧವಾದ ಸಾಕ್ಷಿಯಾಗಿ ತರಬೇಡಿರಿ. ಹಿರಿಯರೇ, ಆರಾಧನೆಗೆ ಬಾರದವರ ಹೆಸರನ್ನು ಪಟ್ಟಿಯಿಂದ ಹೊಡೆಯುವ ಮುಂಚೆ ಅವರ ಬಾಗಿಲನ್ನು ತಟ್ಟಿರಿ. ನೆಲದ ಮೇಲೆ ಎರಡು ತಾಸು ಕೂಡ್ರಲಾರದವರಿಗೆ ಒಂದು ಕುರ್ಚಿಯನ್ನಾದರೂ ಇಡಿರಿ.

ಬೇನೆಯಲ್ಲಿರುವ ಅಕ್ಕತಂಗಿಯರೇ, ಇಂದು ನಿಮ್ಮಿಂದ ಒಂದು ಸೇರು ಅಕ್ಕಿಯನ್ನು ಆರಿಸುವದು ಮಾತ್ರ ಆದರೆ, ಅಷ್ಟನ್ನೇ ಮಾಡಿರಿ. ಅದೂ ಆಗದಿದ್ದರೆ ಮಲಗಿರಿ. ದೋಹ್ನಾವೂರಿನ ಆ ಕೊಠಡಿಯಲ್ಲಿಯೂ ಬರಿದೇ ಮಲಗಿದ್ದ ದಿನಗಳು ಬಹಳವಿದ್ದವು. ಅವುಗಳನ್ನು ಯಾರೂ ಪುಸ್ತಕವಾಗಿ ಅಚ್ಚುಹಾಕಲಿಲ್ಲ. ಆದರೂ ಕರ್ತನ ಲೆಕ್ಕದಲ್ಲಿ ಆ ದಿನಗಳೂ ಬರೆಯಲ್ಪಟ್ಟಿವೆಯೆಂದು ನಾವು ನಂಬುತ್ತೇವೆ.